ಚಾವಿ ಕೊಟ್ಟು ದಾಟ್ರಿ, ಕಾಕಾ

ಕಾಲುವೆಗೆ ನೀರು ಬಂತೆಂದರೆ ಕೆಂಪದಿನ್ನಿಯ ಶಾಲೆಯಲ್ಲಿ ಹುಡುಗಿಯರು ಕಾಣಿಸುವುದಿಲ್ಲ.

ಬಳಗಾನೂರಿನಿಂದ ಕಾಲುವೆಯ ಏರಿ ಹಿಡಿದು ನಡೆದರೆ ಎಡಕ್ಕೆ ಸಿಗುವ ಸಣ್ಣ ಊರು ಅದು. ನೀರು ಬಂದು ಮಡಿಯಲ್ಲಿ ಸಸಿ ಎದ್ದಿತೆಂದರೆ ತಾಯಂದಿರು ಭತ್ತದ ನಾಟಿಗೆ ಇಳಿಯುತ್ತಾರೆ. ಆಗ ಕೈಗೂಸುಗಳನ್ನು ನೋಡಿಕೊಳ್ಳುವವರು ಯಾರು? ಅಕ್ಕಂದಿರು. ಅಕ್ಕ ಎಂದರೆ ದೊಡ್ಡವಳೇನಲ್ಲ. ಎರಡನೇ ಕ್ಲಾಸಿನವಳು, ಮೂರನೇ ಕ್ಲಾಸಿನವಳು. ಕಂಕುಳಲ್ಲಿ ತಮ್ಮ, ಮೂಲೆಯಲ್ಲಿ ಪಾಟಿಚೀಲ.

ತೊಂಬತ್ತಾರರ ಆಷಾಢದಲ್ಲೂ ಹಾಗೇ ಆಯಿತು. ಯಮನಮ್ಮನ ಮಗಳು ಗ್ಯಾನಮ್ಮ, ಮನೆಯವರ ಬಾಯಲ್ಲಿ ಗ್ಯಾನಿ, ಶಾಲೆ ಬಿಟ್ಟು ಹೊಸ್ತಿಲ ಮೇಲೆ ಕೂತಿದ್ದಳು. ತೊಡೆಯ ಮೇಲೆ ತಮ್ಮ ಸೂಗ. ಎದುರಿಗೆ ಖಾಲಿ ಗೊಬ್ಬರದ ಚೀಲ ಒಣಹಾಕಿದ್ದರು. ಅದರ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಗ್ಯಾನಿ ತಮ್ಮನಿಗೆ ಓದಿ ಹೇಳುತ್ತಿದ್ದಳು. ಸೂಗ ಚೀಲದ ತುದಿಯನ್ನು ಬಾಯಿಗೆ ಹಾಕಿಕೊಳ್ಳಲು ಹವಣಿಸುತ್ತಿದ್ದ.

ಶಾಕೀರಾ ಟೀಚರ್ ಬಂದದ್ದು ಆಗ. ಅವರು ಮುದಗಲ್ಲಿನವರು. ಬಳಗಾನೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ದಿನಾ ಕೆಂಪದಿನ್ನಿಗೆ ನಡೆದು ಬರುತ್ತಿದ್ದರು. ಈ ಶಾಲೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

"ಯಮನಮ್ಮಕ್ಕ, ಗ್ಯಾನಿ ಸೋಮವಾರದಿಂದ ಸಾಲಿ ಕಡೆ ಹಾಯ್ದಿಲ್ಲ. ಯಾಕ?"

ಯಮನಮ್ಮ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿಯುತ್ತಿದ್ದಳು. ಊರಿನ ನಾಟಿ ಗುಂಪಿಗೆ ಅವಳೇ ಮೇಸ್ತ್ರಿ. ಯಾರ ಗದ್ದೆಗೆ ಯಾವಾಗ ಇಳಿಯಬೇಕೆಂದು ಹೇಳುವವಳು ಅವಳು. ಗುಂಪು ಆಗಲೇ ಓಣಿಯ ತುದಿಯಲ್ಲಿ ಕಾಯುತ್ತಿತ್ತು.

"ಹೆಂಗ ಬರ್ತಾಳ್ರಿ ಟೀಚರ್? ನಾ ಸಸಿ ಹಚ್ಚಾಕ ಹೋದ್ರ ಈ ಸೂಗನ್ನ ಯಾರು ನೋಡಬೇಕು? ನಮ್ಮತ್ತಿಗೆ ಮೊಣಕಾಲು ಹಿಡದಾವು."

ಒಳಗಿನಿಂದ ಅತ್ತೆ ತಿಮ್ಮವ್ವನ ದನಿ ಬಂತು. "ಮೊಣಕಾಲು ಹಿಡದಾವು, ಕಿವಿ ಹಿಡದಿಲ್ಲ. ನನ್ನ ಸುದ್ದಿ ಮಾತಾಡಾಕತ್ತೀರಿ ಅಂತ ಕೇಳಸಾಕತ್ತೈತಿ."

"ಹೋದ ವರ್ಷ ಕೂಸು ಕಟಗೊಂಡು ಸಾಲಿಗೆ ಹೋದ್ಲ್ರಿ" ಎಂದಳು ಯಮನಮ್ಮ. "ಒಂದ ಖೋಲಿಯೊಳಗ ನಾಕು ಕ್ಲಾಸ್. ಕೂಸು ಅಳತೈತಿ ಅಂತ ಹಿಂದಿನ ಮಾಸ್ತರು ಇಬ್ಬರನೂ ಹೊರಗ ಹಾಕಿದ್ರು. ನಾಟಿ ಮುಗಿಯೂದ್ರೊಳಗ ಇಕಿ ಎಲ್ಲಾರಕಿಂತ ಹಿಂದ ಬಿದ್ದಿದ್ಲು. ಈ ವರ್ಷನೂ ಹಿಂದ ಬಿದ್ರ ಮತ್ತ ಹೋಗಾಕ ಒಲ್ಲೆ ಅಂತಾಳ."

ಹೊಸ್ತಿಲ ಮೇಲೆ ಗ್ಯಾನಿ ಓದು ನಿಲ್ಲಿಸಿದ್ದಳು. ಆ ಮಾತು ನಿಜ. ಸಣ್ಣವರ ಸಾಲಿನಲ್ಲಿ ಕೂತು ಹಳೇ ಪಾಠವನ್ನೇ ಮತ್ತೆ ಓದುವುದು ಅವಳಿಗೆ ಸಾಕಾಗಿತ್ತು. ಈ ನಾಟಿಯಲ್ಲೂ ಶಾಲೆ ತಪ್ಪಿದರೆ ಅವಳ ಓದು ಅಲ್ಲಿಗೇ ಮುಗಿಯುತ್ತಿತ್ತು. ಯಮನಮ್ಮನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಮಾಡುವುದೇನೆಂದು ತಿಳಿದಿರಲಿಲ್ಲ.

"ಸಾಲಿಗೆ ಎರಡು ಖೋಲಿ ಅದಾವಲ್ಲಕ್ಕ?" ಎಂದರು ಟೀಚರ್. "ಎರಡನೇದು ಖಾಲಿ ಆದ್ರ ಕೂಸುಗಳಿಗೆ ಅದ ಸಾಕು."

"ಅದು ಮೈಲಾರಲಿಂಗಪ್ಪ ಕಾಕಾನ ಖೋಲಿ."

"ಕಾಕಾಗ ಯಾರು ಬರಕೊಟ್ಟಾರ?"

"ಬರಕೊಡಾಕ ಏನೈತಿ? ಸರ್ಕಾರದ್ದು. ಸರ್ಕಾರದ್ದು ಅಂದ್ರ ಯಾರ್ದೂ ಅಲ್ಲ. ಖಾಲಿ ಬಿದ್ದಿತ್ತು, ನೆಲ್ಲಿನ ಚೀಲ ಇಟ್ಟಾನ."

ಊರಿಗೆ ಊರೇ ಹೀಗೆ ತಿಳಿದಿತ್ತು. ಬೇಸಿಗೆ ಬೆಳೆ ಬಂದಾಗ ಶಾಲೆಯ ಅಂಗಳದಲ್ಲಿ ಭತ್ತ ಒಣಗಿಸುವುದು, ಬಂಡೆ ಹಾಸಿದ ಕೋಣೆಯಲ್ಲಿ ಚೀಲ ಒಟ್ಟುವುದು ಹಳೆಯ ರೂಢಿ. ಉಳಿದವರು ಶಾಲೆ ತೆರೆಯುವ ಮೊದಲೇ ಚೀಲ ಸಾಗಿಸುತ್ತಿದ್ದರು. ಮೈಲಾರಲಿಂಗಪ್ಪ ಮಾತ್ರ ದರ ಏರಲಿ ಎಂದು ಕಾಯುತ್ತಿದ್ದ. ದರ ಏರಲಿಲ್ಲ, ಕೀಲಿ ಇಳಿಯಲಿಲ್ಲ. ಕೇಳಿದವರಿಗೆಲ್ಲ ಒಂದೇ ಉತ್ತರ: "ಸರ್ಕಾರದ ಖೋಲಿ, ಸರ್ಕಾರ ಹೇಳ್ಲಿ."

"ಆ ಮಾತು ಈಗ ನಡೆಯೂದಿಲ್ಲಕ್ಕ" ಎಂದರು ಶಾಕೀರಾ ಟೀಚರ್. "ಶುಕ್ರವಾರ ಸಾಲಿಯೊಳಗ ಸಭಾ ಐತಿ. ನೀನೂ ಬಾ. ನಿಮ್ಮತ್ತೀನೂ ಕರ್ಕೊಂಡು ಬಾ."

"ಮೊಣಕಾಲು..." ಎಂದು ಒಳಗಿನಿಂದ ಕೇಳಿಸಿತು.

"ಕಿವಿ ಬರ್ಲಿ ಸಾಕು ಅಮ್ಮಾ" ಎಂದು ಟೀಚರ್ ನಕ್ಕು ಹೊರಟರು.

ಶುಕ್ರವಾರ ಸಂಜೆ ಶಾಲೆಯ ಕಟ್ಟೆ ತುಂಬಿತು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಕೆಳಗೆ. ಯಮನಮ್ಮನ ಗಂಡ ದುರುಗಪ್ಪ ಹಿಂದೆ ಗೋಡೆಗೆ ಒರಗಿ ಕೂತಿದ್ದ. ಮೈಲಾರಲಿಂಗಪ್ಪ ಎಲ್ಲರಿಗಿಂತ ಮುಂದೆ, ತನ್ನ ಚೀಲಗಳಿದ್ದ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದ.

ಶಾಕೀರಾ ಟೀಚರ್ ನಿಂತು ಹೇಳಿದರು.

"ಮೊದಲ ಹೆಂಗಿತ್ತು ಅಂತ ನಿಮಗೆಲ್ಲಾ ಗೊತ್ತೈತಿ. ಸಾಲಿ ಕಿಟಕಿ ಮುರದ್ರ ಊರಾಗ ಬಡಿಗ ಇದ್ದ, ಕಟಗಿ ಇತ್ತು, ಹುಕುಂ ಇರ್ಲಿಲ್ಲ. ಕಾಗದ ಮ್ಯಾಲೆ ಹೋಗಿ ಮಂಜೂರಿ ಆಗಿ ಬರೂದ್ರೊಳಗ ಕಿಟಕಿ ಹೋಗಿ ಗ್ವಾಡಿನೂ ಹೋಗತಿತ್ತು. ಈಗ ಕಾನೂನು ಬದಲಾಗೈತಿ. ತೊಂಬತ್ಮೂರರಾಗ ಪಂಚಾಯತ್ ರಾಜ್ ಕಾಯ್ದೆ ಬಂತು. ಹೋದ ವರ್ಷ ರಾಜ್ಯದ ಶಿಕ್ಷಣ ಕಾಯ್ದೆ ಜಾರಿ ಆತು. ಊರೂರಿಗೆ ಗ್ರಾಮ ಶಿಕ್ಷಣ ಸಮಿತಿ ಮಾಡ್ರಿ ಅಂತ ಸರ್ಕಾರದ ಆದೇಶ ಬಂದೈತಿ. ಮಕ್ಕಳನ್ನ ಸಾಲಿಗೆ ಸೇರಸೋದು, ಬಿಟ್ಟವರನ್ನ ಮತ್ತ ಕರಕೊಂಡು ಬರೋದು, ಕಟ್ಟಡದ ಮ್ಯಾಲೆ ನಿಗಾ ಇಡೋದು, ಸಣ್ಣಪುಟ್ಟ ರಿಪೇರಿ ನೋಡೋದು, ಇದೆಲ್ಲಾ ಊರವರ ಕೆಲಸ. ಸಭಾ ಸೇರಿ ತೀರ್ಮಾನ ಬರದು, ಅದರ ಪ್ರತಿ ಸಿಂಧನೂರ ಕಚೇರಿಗೆ ಕಳಸಬೇಕು."

"ಹಂಗಾದ್ರ ಮಾಸ್ತರನ್ನೂ ನಾವ ಬದಲಿ ಮಾಡಬಹುದೇನ್ರಿ?" ಎಂದು ಕಟ್ಟೆಯ ಮೇಲಿನಿಂದ ಯಾರೋ ಕೇಳಿದರು.

"ಇಲ್ಲ. ಮಾಸ್ತರನ್ನ ಹಾಕೋದು ತಗಿಯೋದು ಸಮಿತಿ ಕೈಯಾಗಿಲ್ಲ. ಪುಸ್ತಕದಾಗಿನ ಪಾಠ ಬದಲಿಸಾಕೂ ಬರೂದಿಲ್ಲ. ನನ್ನ ಮ್ಯಾಲೆ ಸಿಟ್ಟಿದ್ರ ತಡ್ಕೋಬೇಕು."

ಕಟ್ಟೆಯ ಮೇಲೂ ಕೆಳಗೂ ನಗು ಹರಡಿತು.

ಸಮಿತಿಗೆ ಹೆಂಗಸರೂ ಬೇಕೆಂದಾಗ ನಾಟಿ ಗುಂಪಿನ ಬಿಬಿಜಾನ್ ಗಟ್ಟಿಯಾಗಿ ಕೂಗಿದಳು. "ನಮ್ಮ ಯಮನಮ್ಮನ್ನ ಹಾಕ್ರಿ! ಗದ್ದ್ಯಾಗ ನಮ್ಮನ್ನೆಲ್ಲಾ ಒಂದ ಸಾಲಿನ್ಯಾಗ ನಿಲ್ಲಸ್ತಾಳ. ಗಂಡಸರನ್ನ ನಿಲ್ಲಸಾಕ ಎಷ್ಟೊತ್ತು?"

ಯಮನಮ್ಮನಿಗೆ ಗಾಬರಿಯಾಯಿತು. "ಏ ಬಿಡಬೇ. ನನಗ ಓದಾಕ ಬರೂದಿಲ್ಲ, ಬರಿಯಾಕ ಬರೂದಿಲ್ಲ."

"ಹೆಬ್ಬಟ್ಟು ಒತ್ತಬ್ಯಾಡ ನೋಡ" ಎಂದು ದುರುಗಪ್ಪ ಹಿಂದಿನಿಂದ ಎಚ್ಚರಿಸಿದ. "ನಾಳಿ ಈ ಗ್ವಾಡಿ ಬಿದ್ರ ನಿನ್ನನ್ನ ಹಿಡೀತಾರ."

"ಗ್ವಾಡಿ ಬಿದ್ರ ಯಾರನ್ನೂ ಹಿಡಿಯೂದಿಲ್ಲ ದುರುಗಪ್ಪಣ್ಣ" ಎಂದರು ಟೀಚರ್. "ಬೀಳೂದಕ್ಕಿಂತ ಮೊದಲ ನೋಡಿ ಹೇಳಾಕ ಈ ಸಮಿತಿ. ಓದಾಕ ಬರಬೇಕಂತನೂ ಇಲ್ಲ. ಬರದದ್ದನ್ನ ನಾ ಎಲ್ಲಾರ ಮುಂದ ಓದಿ ಹೇಳತೀನಿ. ಕೇಳಿ, ಖರೇ ಅನಿಸಿದ್ರ ಒತ್ತಬೇಕು. ಅನಿಸದಿದ್ರ ಒತ್ತಬಾರದು."

ತಿಮ್ಮವ್ವ ಕೋಲು ಊರಿಕೊಂಡು ಅಷ್ಟು ದೂರ ಬಂದದ್ದು ಸುಮ್ಮನೆ ಕೂರಲು ಅಲ್ಲ. "ನಾವ್ಯಾರೂ ಸಾಲಿ ಕಲೀಲಿಲ್ಲ. ಸತ್ವೇನು?"

"ಸತ್ತಿಲ್ಲ ಅತ್ತಿ" ಎಂದಳು ಯಮನಮ್ಮ. "ಆದ್ರ ಮಸ್ಕಿಗೆ ಹೋಗ್ತೀನಂತ ಸಿಂಧನೂರ ಬಸ್ ಹತ್ತಿದ್ದಿಲ್ಲೇನು?"

ಸಭೆಗೆ ಸಭೆಯೇ ನಕ್ಕಿತು. ತಿಮ್ಮವ್ವ, "ಆ ಬಸ್ಸಿನವ ಕೇಳಬಾರದಾಗಿತ್ತೇನು ಎಲ್ಲಿಗೆ ಅಂತ?" ಎಂದು ಗೊಣಗಿದಳು. ಆ ನಗುವಿನ ನಡುವೆಯೇ ಯಮನಮ್ಮನ ಹೆಸರು ಸಮಿತಿಗೆ ಸೇರಿತು.

ಮೊದಲ ತೀರ್ಮಾನವೂ ಅಂದೇ ಆಯಿತು. ಎರಡನೇ ಕೋಣೆ ಖಾಲಿಯಾಗಬೇಕು. ನಾಟಿ ಮುಗಿಯುವವರೆಗೆ ಅಲ್ಲಿ ಕೈಗೂಸುಗಳನ್ನು ಇರಿಸಿಕೊಳ್ಳಬೇಕು. ಆಮೇಲೆ ಅದು ಪಾಠದ ಕೋಣೆ. ಟೀಚರ್ ಓದಿ ಹೇಳಿದರು. ಎಲ್ಲರೂ ಒಪ್ಪಿದರು. ಯಮನಮ್ಮ ಹೆಬ್ಬೆಟ್ಟು ಒತ್ತಿದಳು.

ಮೈಲಾರಲಿಂಗಪ್ಪ ಎದ್ದು ಧೋತರ ಕೊಡವಿಕೊಂಡ. "ಬರಕೋರಿ, ಬರಕೋರಿ. ಸಿಂಧನೂರಿಂದ ಹುಕುಂ ಬರ್ಲಿ. ಅಲ್ಲೀ ಮಟ ಚಾವಿ ನನ್ನ ಉಡದಾರದಾಗ ಇರ್ತದ."

ಮನೆಯ ದಾರಿಯಲ್ಲಿ ದುರುಗಪ್ಪ ಹೆಂಡತಿಯನ್ನು ಕೆಣಕಿದ. "ಒತ್ತಿದೆಲ್ಲ? ಖೋಲಿ ತೆರೀತೇನು?"

ಯಮನಮ್ಮ ಹೆಬ್ಬೆರಳಿಗೆ ಹತ್ತಿದ ಮಸಿಯನ್ನು ಸೆರಗಿಗೆ ಒರೆಸಿದಳು. ಅದು ಹೋಗಲಿಲ್ಲ. ಮುಂದೆ ಗ್ಯಾನಿ ಸೂಗನನ್ನು ಹೊತ್ತುಕೊಂಡು ಒಂದು ಮಗ್ಗುಲಿಗೆ ವಾಲಿ ನಡೆಯುತ್ತಿದ್ದಳು.

ಅದರ ಮರುವಾರ ಗುಂಪು ಮೈಲಾರಲಿಂಗಪ್ಪನ ಗದ್ದೆಗೆ ಇಳಿಯಿತು.

ಆ ಕಡೆಯ ನಾಟಿಯಲ್ಲಿ ಒಂದು ಪದ್ಧತಿ ಉಂಟು. ಗದ್ದೆಯ ಯಜಮಾನ ಮೊದಲ ದಿನ ಬದುವಿನ ಮೇಲೆ ಬಂದನೋ, ಹೆಂಗಸರು ಅವನ ಕಾಲ ಮುಂದೆ ಅಡ್ಡಲಾಗಿ ಒಂದು ಸಸಿ ಕಟ್ಟು ಇಡುತ್ತಾರೆ. ಅವನು ಹಿಂದೆ ಸರಿಯದಂತೆ ಬೆನ್ನ ಹಿಂದೆ ಇನ್ನೊಂದು. ಸಸಿ ಎಂದರೆ ಅನ್ನ. ಅದನ್ನು ಯಾರೂ ದಾಟುವುದಿಲ್ಲ, ಕಾಲಿನಿಂದ ಸರಿಸುವುದಂತೂ ಇಲ್ಲವೇ ಇಲ್ಲ. ಗುಂಪು ಕೇಳಿದ್ದನ್ನು ಖುಷಿಯಿಂದ ಕೊಟ್ಟ ಮೇಲೆ ಹೆಂಗಸರೇ ಕಟ್ಟು ಎತ್ತುತ್ತಾರೆ. ಬೆಲ್ಲ ಕೊಬ್ಬರಿ ಕೇಳುವುದುಂಟು. ಮನೆಯಲ್ಲಿ ಮದುವೆಯಾದ ವರ್ಷ ಕುಬಸ, ಅಂದರೆ ರವಿಕೆ, ಕೇಳುವುದೂ ಉಂಟು. ಯಜಮಾನರು ಬೇಕೆಂದೇ ಕೊಸರಾಡುತ್ತಾರೆ, ಹೆಂಗಸರು ಬೇಕೆಂದೇ ಬಯ್ಯುತ್ತಾರೆ. ವರ್ಷಕ್ಕೊಮ್ಮೆ ಸಿಗುವ ಆ ಮೋಜನ್ನು ಇಬ್ಬರೂ ಬಿಡುವುದಿಲ್ಲ.

ಮೈಲಾರಲಿಂಗಪ್ಪ ಅಂದು ಬಿಳಿ ಧೋತರ ಉಟ್ಟು ಬಂದಿದ್ದ. ಗದ್ದೆಯ ಮೇಲೆ ಒಂದು ಕಣ್ಣು ಹಾಯಿಸಿ ಮಸ್ಕಿಗೆ ಬಸ್ಸು ಹಿಡಿಯುವ ಯೋಚನೆ. ಬದುವಿನ ನಡುವೆ ಬರುತ್ತಲೇ ಬಿಬಿಜಾನ್ ಮುಂದೆ ಒಂದು ಕಟ್ಟು ಇಟ್ಟಳು. ಇನ್ನೊಬ್ಬಳು ಹಿಂದೆ ಇಟ್ಟಳು. ಎಡಕ್ಕೆ ಮೊಣಕಾಲುದ್ದ ಕೆಸರು, ಬಲಕ್ಕೆ ತುಂಬಿದ ಕಾಲುವೆ.

"ಆತು, ಆತು. ಬೆಲ್ಲ ಕೊಬ್ಬರಿ ಕಳಸ್ತೀನಿ. ಎತ್ತರಿ, ಬಸ್ ಹೋಗತೈತಿ."

"ಬೆಲ್ಲ ಹಲ್ಲಿಗಿ ಹತ್ತತೈತ್ರಿ ಕಾಕಾ" ಎಂದಳು ಬಿಬಿಜಾನ್.

"ಹಂಗಾದ್ರ ಎಲ್ಲಾರಿಗೂ ಕುಬಸ. ಮಸ್ಕಿಯಿಂದ ತರ್ತೀನಿ."

ಹೆಂಗಸರು ಯಮನಮ್ಮನ ಕಡೆ ನೋಡಿದರು. ಕೇಳುವ ಹಕ್ಕು ಮೇಸ್ತ್ರಿಯದು. ಯಮನಮ್ಮ ಕೆಸರಿನಿಂದ ಎದ್ದು ನಿಂತಳು. ಆಚೆ ಬದುವಿನ ಜಾಲಿಯ ನೆರಳಿನಲ್ಲಿ ಗ್ಯಾನಿ, ಅವಳಂಥ ಇನ್ನೂ ಕೆಲವು ಹುಡುಗಿಯರು, ಮಡಿಲ ತುಂಬ ಕೂಸುಗಳು. ಗೊಬ್ಬರದ ಚೀಲದ ಅಕ್ಷರ ಓದುತ್ತಿದ್ದ ಮಗಳ ದನಿ ಅವಳ ಕಿವಿಯಲ್ಲಿತ್ತು. ಹೇಳಬೇಕಾದದ್ದು ತಾನಾಗಿ ಬಾಯಿಗೆ ಬಂತು.

"ಕುಬಸ ಬ್ಯಾಡ್ರಿ. ಸಾಲಿ ಖೋಲಿ ಚಾವಿ ಕೊಡ್ರಿ. ಚಾವಿ ಕೊಟ್ಟು ದಾಟ್ರಿ, ಕಾಕಾ."

ಮರುಗಳಿಗೆ ಹೆಂಗಸರೆಲ್ಲ ಕೆಸರುಗೈ ತಟ್ಟಿ ಕೂಗಿದರು. ಕೆಸರು ಹಾರಿ ಬಿಳಿ ಧೋತರದ ಮೇಲೆ ಬಿತ್ತು.

"ಏ, ಇದೆಲ್ಲಿ ರೂಢಿಬೇ? ಸಸಿ ಇಟ್ಟು ಚಾವಿ ಕೇಳೋದು!"

"ರೂಢಿ ಪ್ರಕಾರ ಏನು ಕೇಳಿದ್ರೂ ಕೊಡಬೇಕ್ರಿ. ನಿಮ್ಮ ಉಡದಾರದಾಗ ಇರೋದನ್ನ ಕೇಳೀವಿ, ಆಕಾಶದಾಗಿಂದಲ್ಲ."

"ಆ ಚೀಲ ಎಲ್ಲಿ ಇಡ್ಲಿ?"

"ನಿಮ್ಮ ಪಡಸಾಲ್ಯಾಗ. ಸಂಜಿಕ ಗುಂಪು ಬಂದು ಹೊತ್ತು ಹಾಕತೀವಿ."

"ಪಡಸಾಲಿ ತುಂಬಿದ್ರ ನಾ ಎಲ್ಲಿ ಮಲಗಲಿ?"

"ಚೀಲದ ಮ್ಯಾಲೆ ಮಲಗ್ರಿ. ದರ ಏರಿದ್ರ ನೀವ ಮೊದಲ ಮ್ಯಾಲೆ ಇರ್ತೀರಿ" ಎಂದಳು ಬಿಬಿಜಾನ್.

ಬಳಗಾನೂರಿನ ಕಡೆಯಿಂದ ಬಸ್ಸಿನ ಹಾರನ್ ಕೇಳಿಸಿತು. ಮೈಲಾರಲಿಂಗಪ್ಪ ಒಮ್ಮೆ ಬಸ್ಸಿನ ಕಡೆ, ಒಮ್ಮೆ ಸಸಿಯ ಕಡೆ ನೋಡಿದ. "ಸಿಂಧನೂರ ಹುಕುಂ ಬರ್ಲಿ ಅಂದಿದ್ದಿಲ್ಲೇನು?"

ಈಗ ಯಮನಮ್ಮ ನಗಲಿಲ್ಲ. ದನಿ ತಗ್ಗಿಸಿ ಹೇಳಿದಳು.

"ಕಾಕಾ, ನಿಮ್ಮ ಮೊಮ್ಮಗಳು ಈ ವರ್ಷ ಒಂದನೇ ಕ್ಲಾಸ್. ಒಳಗ ಜಾಗಾ ಇಲ್ಲಂತ ಕಟ್ಟಿ ಮ್ಯಾಲೆ ಕುಂದರತಾಳ. ಹೋದ ಗುರುವಾರ ಮಳಿ ಬಂತು. ಪಾಟಿ ತಲಿ ಮ್ಯಾಲೆ ಹಿಡಕೊಂಡು ನಿಂತಿದ್ಲು. ನೆಲ್ಲು ಒಳಗ ಬೆಚ್ಚಗ ಕುಂತಿತ್ತು, ಕೂಸು ಹೊರಗ ತೊಯ್ಯಾಕತ್ತಿತ್ತು. ಇದಕ್ಕೂ ಸಿಂಧನೂರ ಹುಕುಂ ಬೇಕೇನ್ರಿ?"

ಮೊಮ್ಮಗಳು ಅಂದು ತೊಯ್ದು ಬಂದದ್ದು ಮೈಲಾರಲಿಂಗಪ್ಪನಿಗೆ ಗೊತ್ತಿತ್ತು. ಎಲ್ಲಿ ತೊಯ್ದಳೆಂದು ಕೇಳಿರಲಿಲ್ಲ. ಬಸ್ಸು ಹೊರಟೇ ಹೋಯಿತು. ಅವನು ಧೋತರದ ಗಂಟಿನೊಳಗೆ ಕೈ ಹಾಕಿ ಉಡದಾರ ಬಿಚ್ಚಲು ಪರದಾಡತೊಡಗಿದ. ಹೆಂಗಸರು ಮುಖ ತಿರುವಿ ಬಿದ್ದು ಬಿದ್ದು ನಕ್ಕರು. "ನಗಬ್ಯಾಡ್ರಬೇ, ಗಂಟು ಬಿಗಿಯಾಗೈತಿ" ಎನ್ನುತ್ತ ಅವನಿಗೂ ನಗು ಬಂತು. ಕೊನೆಗೆ ಕೀಲಿಕೈ ಯಮನಮ್ಮನ ಕೆಸರುಗೈಗೆ ಬಿತ್ತು.

"ತಗೋ. ಸಿಂಧನೂರ ಹುಕುಂ ತಪ್ಪಿಸ್ಕೋಬಹುದು, ನಿಮ್ಮದು ತಪ್ಪಿಸ್ಕೊಳ್ಳಾಕ ಆಗೂದಿಲ್ಲ. ಈಗಾದ್ರೂ ಕಟ್ಟು ಎತ್ತರಿ."

ಇಲ್ಲಿ ಒಂದು ಮಾತು ಸ್ಪಷ್ಟವಿರಲಿ. ಕೀಲಿಕೈ ಕೈಗೆ ಬಂದದ್ದು ಸಸಿ ಕಟ್ಟಿನ ರೂಢಿಯಿಂದ. ಅದನ್ನು ಕೇಳುವ ಹಕ್ಕು ಬಂದದ್ದು ಶುಕ್ರವಾರದ ಸಭೆಯಿಂದ. ಆ ಸಭೆಯ ತೀರ್ಮಾನ ಇಲ್ಲದಿದ್ದರೆ ಯಮನಮ್ಮ ಆ ವರ್ಷವೂ ಬೆಲ್ಲವನ್ನೇ ಕೇಳುತ್ತಿದ್ದಳು.

ಸಂಜೆ ಕೋಣೆ ತೆರೆಯಿತು. ಚೀಲ ಹೊರಲು ಹೆಂಗಸರಿಗಿಂತ ಮೊದಲು ಬಂದು ನಿಂತವನು ದುರುಗಪ್ಪ.

"ನೀವ್ಯಾಕ ಬಂದ್ರಿ? ಗ್ವಾಡಿ ಬಿದ್ರ ಹಿಡೀತಾರ" ಎಂದಳು ಯಮನಮ್ಮ.

"ಹಿಡದ್ರ ಇಬ್ಬರನೂ ಹಿಡೀಲಿ, ನೀ ಒಬ್ಬಾಕಿ ಹೋದ್ರ ನನಗ ರೊಟ್ಟಿ ಯಾರು ಬಡೀತಾರ?" ಎಂದು ಅವನು ಮೊದಲ ಚೀಲಕ್ಕೆ ಬೆನ್ನು ಕೊಟ್ಟ.

ಚೀಲಗಳ ಹಿಂದೆ ಒಂದು ಕರಿಹಲಗೆ ಸಿಕ್ಕಿತು. ಅದು ಅಲ್ಲಿದೆಯೆಂದು ಊರೇ ಮರೆತಿತ್ತು. ಚೆಲ್ಲಿದ ಕಾಳಿಗೆ ಗುಬ್ಬಿಗಳು ಬಂದವು. ಹುಡುಗಿಯರು ಕಾಲುವೆಯಿಂದ ಸಾಲಾಗಿ ಕೊಡ ದಾಟಿಸಿ ಬಂಡೆ ತೊಳೆದರು. ಮುರಿದ ಕಿಟಕಿಯನ್ನು ಊರ ಬಡಿಗನೇ ಬಂದು ಕೂಡಿಸಿದ. ಹುಕುಮಿಗೆ ಯಾರೂ ಕಾಯಲಿಲ್ಲ. ಟೀಚರ್ ತೀರ್ಮಾನದ ಪ್ರತಿಯನ್ನು ಅಂಚೆಗೆ ಹಾಕಿದರು.

ಉಳಿದದ್ದು ಒಂದೇ ಪ್ರಶ್ನೆ. ಕೂಸುಗಳನ್ನು ನೋಡಿಕೊಳ್ಳುವವರು ಯಾರು? ಕಾಲುವೆ ನೀರಿಗೆ ಪಾಳಿ ಹಚ್ಚುವ ಹಾಗೆ ಮನೆಗಳಿಗೆ ಪಾಳಿ ಹಚ್ಚೋಣ, ದಿನಕ್ಕೆ ಎರಡು ಮನೆಯ ಹಿರಿಯರು ಬಂದು ಕೂರಲಿ ಎಂದಳು ಯಮನಮ್ಮ. ಅದು ಎಲ್ಲರಿಗೂ ಕೂಡಲೇ ತಿಳಿಯಿತು. ಪಾಳಿ ತಪ್ಪಿದರೆ ಏನಾಗುತ್ತದೆ ಎಂದು ಆ ಊರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

"ಮುದಿಕೇರಿಗೂ ಪಾಳಿ ಹಚ್ಚಿದ್ರೇನು?" ಎಂದು ತಿಮ್ಮವ್ವ ರೇಗಿದಳು. "ನನ್ನ ಮೊಣಕಾಲಿಗೆ ಯಾರು ಪಾಳಿ ಹಚ್ಚತಾರ?"

"ಓಡೋದು ಬ್ಯಾಡ ಅತ್ತಿ. ಬಾಗಿಲ್ದಾಗ ಕುಂದ್ರು. ನಿನ್ನ ಬಾಯಿಗೆ ಅಂಜಿ ಒಂದು ಕೂಸೂ ದಾಟೂದಿಲ್ಲ."

ಮರುದಿನ ಮೊದಲ ಪಾಳಿಗೆ ಕೋಲು ಊರಿಕೊಂಡು ಬಂದವಳು ತಿಮ್ಮವ್ವನೇ. ಗ್ಯಾನಿ ಸೂಗನನ್ನು ಅಜ್ಜಿಯ ತೊಡೆಗೆ ಕೊಟ್ಟಳು. ಕಂಕುಳು ಖಾಲಿಯಾದದ್ದನ್ನು ನಂಬದವಳಂತೆ ಗಳಿಗೆ ಹೊತ್ತು ನಿಂತಳು. ಆಮೇಲೆ ಪಾಟಿಚೀಲ ಹಿಡಿದು ಪಕ್ಕದ ಕೋಣೆಗೆ ಓಡಿದಳು. ಗದ್ದೆಗೆ ಹೊರಟಿದ್ದ ಯಮನಮ್ಮ ಅದನ್ನು ಕಾಲುವೆ ಏರಿಯ ಮೇಲಿನಿಂದ ನೋಡಿದಳು. ಅಂದು ಸಾಲು ಹಿಡಿದ ಗುಂಪಿನಲ್ಲಿ ಮೊದಲು ಹಾಡು ತೆಗೆದವಳು ಅವಳೇ.

ನಾಟಿ ಮುಗಿಯಿತು. ಗ್ಯಾನಿ ಹಿಂದೆ ಬೀಳಲಿಲ್ಲ. ಸಹಪಾಠಿಗಳ ಜೊತೆ ಅದೇ ಪಾಠದಲ್ಲಿದ್ದಾಳೆ. ಮೈಲಾರಲಿಂಗಪ್ಪನ ಮೊಮ್ಮಗಳು ಸೂರಿನ ಕೆಳಗೆ ಕೂತು ಬರೆಯುತ್ತಾಳೆ. ಬರುವ ಸುಗ್ಗಿಗೆ ಚೀಲ ಎಲ್ಲಿಡುತ್ತೀಯೆಂದು ಕೇಳಿದರೆ ಅವನು, "ಪಡಸಾಲ್ಯಾಗ. ಮಲಗಿ ರೂಢಿ ಆಗೈತಿ" ಎನ್ನುತ್ತಾನೆ.

ಇನ್ನು ತಿಮ್ಮವ್ವ. ಬಾಗಿಲಲ್ಲಿ ಕೂತು ಕೂತು ಪಕ್ಕದ ಕೋಣೆಯ ಪಾಠವೆಲ್ಲ ಅವಳ ಕಿವಿಗೂ ಬಿದ್ದಿತ್ತು. ಗ್ಯಾನಿ ಅವಳಿಗೆ ಒಂದೊಂದೇ ಅಕ್ಷರ ತೋರಿಸಿದ್ದಳು. ಮೊನ್ನೆ ಮಸ್ಕಿಗೆ ಹೋಗಲು ಬಳಗಾನೂರಿನಲ್ಲಿ ಬಸ್ಸಿಗೆ ನಿಂತಾಗ ಯಾರನ್ನೂ ಕೇಳಲಿಲ್ಲ. ಬೋರ್ಡಿನ ಕಡೆ ಕೋಲು ತೋರಿಸಿ ಒಂದೊಂದೇ ಅಕ್ಷರ ಕೂಡಿಸಿದಳು. ಕಂಡಕ್ಟರ್ ಸೀಟಿ ಊದಿದ.

"ತಡಿಯಪಾ, ಇನ್ನೂ ಅರ್ಧ ಓದೀನಿ" ಎಂದಳು ತಿಮ್ಮವ್ವ. ಬಸ್ಸು ತಡೆಯಿತು. ಅವಳು ಪೂರ್ತಿ ಓದಿದ ಮೇಲೆಯೇ ಹತ್ತಿದಳು.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನಲ್ಲಿ ಗ್ರಾಮ ಶಿಕ್ಷಣ ಸಮಿತಿ ಆಗಿದೆಯೇ? ಅದರಲ್ಲಿ ಯಾರಿದ್ದಾರೆ? ಹೆಂಗಸರು ಇದ್ದಾರೆಯೇ? ಕಳೆದ ಸಲ ಸಭೆ ಸೇರಿದ್ದು ಯಾವಾಗ? ನಾಳೆಯೇ ಶಾಲೆಗೆ ಹೋಗಿ ಮಾಸ್ತರರನ್ನು ಕೇಳಿ. ಆಗಿಲ್ಲವೆಂದರೆ ಗ್ರಾಮ ಪಂಚಾಯಿತಿಯಲ್ಲಿ ಕೇಳಿ. ಓದಲು ಬಾರದೆಂದು ಹಿಂಜರಿಯಬೇಡಿ. ಬರೆದದ್ದನ್ನು ಓದಿಸಿ ಕೇಳಿ, ಒಪ್ಪಿಗೆಯಾದರೆ ಮಾತ್ರ ಹೆಬ್ಬೆಟ್ಟು ಒತ್ತಿ. ಸಮಿತಿಯಿಂದ ಎಲ್ಲವೂ ಆಗುವುದಿಲ್ಲ. ಆದರೆ ಮುರಿದ ಕಿಟಕಿ, ಮುಚ್ಚಿದ ಕೋಣೆ, ಶಾಲೆ ಬಿಟ್ಟ ಹುಡುಗಿ, ಈ ಮೂರನ್ನು ನೋಡಲು ಊರಿನ ಕಣ್ಣು ಸಾಕು.

ನಿಮ್ಮ ಶಾಲೆಯಲ್ಲೂ ಒಂದು ಕೋಣೆಗೆ ಕೀಲಿ ಬಿದ್ದಿರಬಹುದು. ಚಾವಿ ಯಾರ ಉಡದಾರದಲ್ಲಿದೆ, ನೋಡಿ. ನಗುನಗುತ್ತಲೇ ಕೇಳಿ. ಆದರೆ ಸಿಗುವ ತನಕ ಸಸಿ ಕಟ್ಟು ಎತ್ತಬೇಡಿ.